ಡ್ರೋನ್ ಕಲಿತರೆ ವಿಂಡ್‌ಮಿಲ್ ರೆಕ್ಕೆ ನೋಡುವ ಕೆಲಸ ಸಿಗುತ್ತದಾ?

ಡಿಪ್ಲೊಮಾ ಮುಗಿದಿದೆ, ಡ್ರೋನ್ ಲೈಸೆನ್ಸ್ ಮಾಡಿಸಿಕೊಂಡರೆ ವಿಂಡ್‌ಮಿಲ್ ರೆಕ್ಕೆ ಪರೀಕ್ಷಿಸುವ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗಬಹುದು, ಆದರೆ ಹಾರಿಸುವುದು ಬಂದರಷ್ಟೇ ಸಾಲದು. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿದ್ದೇನೆ. ಹಾರಿಸುವುದನ್ನು ಈಗೀಗ ಸಾಫ್ಟ್‌ವೇರೇ ಜಾಸ್ತಿ ನೋಡಿಕೊಳ್ಳುತ್ತದೆ. ಫೋಟೋ ಓದುವುದು ಇದೆಯಲ್ಲ, ಸಂಬಳ ಅದಕ್ಕೆ.

ಮೊದಲು ಫ್ಯಾನು ನಿಲ್ಲಿಸುತ್ತಾರೆ (ಅಲ್ಲಿ ಕುರಿ ಕಾಯುವವರ ಬಾಯಲ್ಲಿ ಅದು ಫ್ಯಾನೇ). ಆಮೇಲೆ ಒಂದೊಂದು ರೆಕ್ಕೆಯ ಎರಡೂ ಅಂಚು, ಎರಡೂ ಮೈ, ಬುಡದಿಂದ ತುದಿವರೆಗೆ ಫೋಟೋ. ರೆಕ್ಕೆ ಬಿಳಿ, ಮೋಡವಿದ್ದರೆ ಆಕಾಶವೂ ಬಿಳಿ, ಕ್ಯಾಮೆರಾ ಫೋಕಸ್ಸಿಗೆ ಒದ್ದಾಡುತ್ತದೆ.

ಮೊದಲ ವಾರದ ನನ್ನ ಎಡವಟ್ಟು ಕೇಳಿ. ಬುಡದ ಹತ್ತಿರ ಕಂದು ಗೆರೆ ಕಂಡಿತು, ಬಿರುಕು ಅಂತ ಬರೆದುಬಿಟ್ಟೆ. ಸೀನಿಯರ್ ಜೂಮ್ ಮಾಡಿ ತೋರಿಸಿದರು: ಗೆರೆಯ ಕೊನೆ ಹರಡಿಕೊಂಡಿತ್ತು. ರೆಕ್ಕೆಯ ಕೋನ ಬದಲಿಸಲು ಬುಡದಲ್ಲಿರುವ ಪಿಚ್ ಬೇರಿಂಗಿನಿಂದ ಸೋರಿದ ಗ್ರೀಸ್! ಅದೇ ರೆಕ್ಕೆಯ ತುದಿಯಲ್ಲಿ, ಸಿಡಿಲು ಹಿಡಿಯಲು ಕೂರಿಸಿರುವ ಲೋಹದ ಬಿಲ್ಲೆಯ ಪಕ್ಕ, ಬಟಾಣಿಯಷ್ಟು ಕಪ್ಪು ಚುಕ್ಕೆ ಇತ್ತು. ಅದನ್ನು ನಾನು ಕೊಳೆ ಅಂತ ಬಿಟ್ಟಿದ್ದೆ. ಅದು ಸಿಡಿಲು ಸುಟ್ಟ ಗುರುತು.

ಇನ್ನೊಂದು, ರೆಕ್ಕೆಯ ಗಾಳಿ ಸೀಳುವ ಮುಂಬದಿಯ ಅಂಚಿನ ಸವೆತ. ತುದಿ ಗಂಟೆಗೆ 250 ಕಿ.ಮೀ. ಮೀರಿ ಓಡುವಾಗ ಮಳೆಹನಿ, ಧೂಳು ಎಲ್ಲಾ ಉಪ್ಪುಕಾಗದದ ಹಾಗೆ ಉಜ್ಜುತ್ತವೆ, ಮೊದಲು ಪೇಂಟ್ ಹೋಗುತ್ತದೆ, ಆಮೇಲೆ ಒಳಗಿನ ಫೈಬರ್ ಕಾಣುತ್ತದೆ.

ರೆಕ್ಕೆ ನೋಡಲು ಹಗ್ಗ ಕಟ್ಟಿಕೊಂಡು ಇಳಿಯುವವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಅನ್ನಬೇಡಿ. ಡ್ರೋನಿಗೆ ಕಾಣುವುದು ಹೊರಮೈ ಮಾತ್ರ. ಒಳಗಿನ ಸಿಡಿಲಿನ ಕೇಬಲ್ ತುಂಡಾಗಿದೆಯಾ ಅಂತ ಮೀಟರ್ ಹಿಡಿದೇ ನೋಡಬೇಕು, ರಿಪೇರಿಗಂತೂ ಮನುಷ್ಯನೇ ಹೋಗಬೇಕು.

ಲೈಸೆನ್ಸ್ (2022ರಿಂದ ಅದರ ಹೆಸರು ರಿಮೋಟ್ ಪೈಲಟ್ ಸರ್ಟಿಫಿಕೇಟ್) ಬೇಕೇ ಬೇಕು, 2021ರ ಡ್ರೋನ್ ನಿಯಮದ ಪ್ರಕಾರ. ನಿರ್ಬಂಧ ಕಡಿಮೆಯಿರುವ ಹಸಿರು ವಲಯದಲ್ಲೂ ಅನುಮತಿಯಿಲ್ಲದೆ ಹಾರಬಹುದಾದದ್ದು 400 ಅಡಿವರೆಗೆ, ಅಂದರೆ ಸುಮಾರು 120 ಮೀಟರ್. ಹೊಸ ಫ್ಯಾನುಗಳ ತುದಿ ಅದನ್ನು ದಾಟುತ್ತದೆ, ಹಾಗಾಗಿ ಅನುಮತಿ ಯಾರು ತರುತ್ತಾರೆ ಅಂತ ಕೆಲಸಕ್ಕೆ ಸೇರುವ ಮೊದಲೇ ಕೇಳಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ಸುಗ್ಗಿ, ಆಗ ಯಾವ ಮಾಲೀಕನೂ ಸುಮ್ನೆ ಫ್ಯಾನು ನಿಲ್ಲಿಸಲ್ಲ. ಆ ನಾಲ್ಕು ತಿಂಗಳ ಮನೆ ಬಾಡಿಗೆಗೆ ಬೇರೆ ದಾರಿ ನೋಡಿಕೊಂಡಿರಿ, ನಾನು ಮದುವೆ ವಿಡಿಯೊ ಮಾಡುತ್ತಿದ್ದೆ.