ಬಿಗಿಯಾಗಿ ಹಿಡಿಯಬೇಕು, ಬೇಕೆಂದಾಗ ಬಿಚ್ಚಬೇಕು

ಪ್ರಶ್ನೆ: ಮಹಡಿಯ ಮೇಲೆ ಬಟ್ಟೆ ಒಣಹಾಕಲು ಕಟ್ಟಿದ ನೈಲಾನ್ ಹಗ್ಗ ಎರಡೇ ದಿನದಲ್ಲಿ ಜೋತುಬೀಳುತ್ತದೆ. ಬೈಕಿನ ಹಿಂದೆ ಗೊಬ್ಬರದ ಚೀಲ ಕಟ್ಟಿದರೆ ದಾರಿಯಲ್ಲಿ ಸರಿಯುತ್ತದೆ. ಅತಿಯಾಗಿ ಬಿಗಿದರೆ ಬಿಚ್ಚಲಾಗದೆ ಹಗ್ಗವನ್ನೇ ಕತ್ತರಿಸಬೇಕಾಗುತ್ತದೆ. ಎಷ್ಟು ಬಗೆಯ ಗಂಟುಗಳನ್ನು ಕಲಿತರೆ ಸಾಕು?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅಮೆರಿಕದ ಕ್ಲಿಫರ್ಡ್ ಆಶ್ಲೆ 1944ರಲ್ಲಿ ಪ್ರಕಟಿಸಿದ ಗಂಟುಗಳ ಗ್ರಂಥದಲ್ಲಿ 3800ಕ್ಕೂ ಹೆಚ್ಚು ನಮೂದುಗಳಿವೆ, ನಿಮ್ಮ ಎರಡು ಕೆಲಸಗಳಿಗೆ ಎರಡೇ ಸಾಕು. ತೆಂಗಿನ ನಾರಿನ ಹಗ್ಗ ಒರಟಾಗಿರುವುದರಿಂದ ಹೇಗೆ ಕಟ್ಟಿದರೂ ತಕ್ಕಮಟ್ಟಿಗೆ ಹಿಡಿದುಕೊಳ್ಳುತ್ತದೆ. ನೈಲಾನ್ ನುಣುಪಾದದ್ದು, ಭಾರ ಬಿದ್ದಾಗ ಹಿಗ್ಗುವಂಥದ್ದು. ಆದ್ದರಿಂದ ಅದರಲ್ಲಿ ಗಂಟಿನ ಮೇಲೆ ಗಂಟು ಹಾಕಿದರೆ ಅದು ಕಗ್ಗಂಟಾಗುತ್ತದೆಯೇ ಹೊರತು ಭದ್ರವಾಗುವುದಿಲ್ಲ.

ಬಟ್ಟೆಯ ಹಗ್ಗ ಜೋತುಬೀಳುವುದನ್ನು ಪೂರ್ತಿಯಾಗಿ ತಡೆಯಲಾಗದು. ಜೋತಾಗ ಬಿಗಿ ಮಾಡಿಕೊಳ್ಳುವಂತೆ ಕಟ್ಟಬಹುದು. ಒಂದು ತುದಿಯನ್ನು ನಿಮಗೆ ತಿಳಿದಂತೆ ಭದ್ರವಾಗಿ ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಹಿಂದಕ್ಕೆ ತನ್ನಿ. ಈಗ ಕಂಬಕ್ಕೂ ನಿಮ್ಮ ಕೈಗೂ ನಡುವೆ ಒಂದು ದೊಡ್ಡ ಕುಣಿಕೆಯಾಗಿರುತ್ತದೆ. ತುದಿಯನ್ನು ಆ ಕುಣಿಕೆಯ ಒಳಗಿನಿಂದ, ಬಿಗಿದು ನಿಂತ ಹಗ್ಗಕ್ಕೆ, ಕಂಬದ ಕಡೆಗೆ ಸಾಗುವಂತೆ ಎರಡು ಸುತ್ತು ಸುತ್ತಿ, ಅನಂತರ ಕುಣಿಕೆಯ ಹೊರಗೆ ತಂದು ಅದೇ ಹಗ್ಗಕ್ಕೆ ಇನ್ನೊಂದು ಸುತ್ತು ಹಾಕಿ, ಆ ಸುತ್ತಿನ ಅಡಿಯಲ್ಲೇ ತುದಿಯನ್ನು ತೂರಿಸಿ ಎಳೆಯಿರಿ. ಈ ಗಂಟನ್ನು ಕೈಯಲ್ಲಿ ಹಿಡಿದು ಕಂಬದಿಂದ ದೂರಕ್ಕೆ ಸರಿಸಿದರೆ ಹಗ್ಗ ಬಿಗಿಯಾಗುತ್ತದೆ, ಭಾರ ಬಿದ್ದಾಗ ಅದು ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ನೈಲಾನ್ ಹಗ್ಗವಾದರೆ ಒಳಗೆ ಎರಡರ ಬದಲು ಮೂರು ಸುತ್ತು ಇರಲಿ.

ಚೀಲಕ್ಕೆ ಬೇಕಾದದ್ದು ಲಾರಿಯವರು ಸರಕು ಬಿಗಿಯುವ ಕ್ರಮ. ಹಗ್ಗದ ಒಂದು ತುದಿಯನ್ನು ಕ್ಯಾರಿಯರ್‌ಗೆ ಕಟ್ಟಿ, ಚೀಲದ ಮೇಲೆ ಹಾಯಿಸಿ, ಇಳಿಯುವ ಕಡೆ ನಡುಹಗ್ಗದಲ್ಲಿ ಎಳೆದರೆ ಬಿಚ್ಚಿಕೊಳ್ಳುವ ಒಂದು ಸಣ್ಣ ಕುಣಿಕೆ ಮಾಡಿ. ಕುಣಿಕೆಗೆ ಬೇಕಾದ ಹಗ್ಗವನ್ನು ತುದಿಯ ಕಡೆಯಿಂದಲೇ ಎಳೆದುಕೊಳ್ಳಬೇಕು. ಚೀಲದ ಕಡೆಯಿಂದ ಎಳೆದುಕೊಂಡರೆ ಭಾರ ಬಿದ್ದೊಡನೆ ಕುಣಿಕೆ ಮುಚ್ಚಿಹೋಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ತುದಿಯನ್ನು ಕೆಳಗಿನ ಕೊಕ್ಕೆಗೆ ಬಳಸಿ, ಮೇಲಕ್ಕೆ ತಂದು, ಆ ಕುಣಿಕೆಯಲ್ಲಿ ತೂರಿಸಿ ಕೆಳಕ್ಕೆ ಜಗ್ಗಿ. ಕುಣಿಕೆಯು ರಾಟೆಯ ಕೆಲಸ ಮಾಡುವುದರಿಂದ ಲೆಕ್ಕದ ಪ್ರಕಾರ ನಿಮ್ಮ ಬಲ ಮೂರು ಪಟ್ಟಾಗಬೇಕು. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅಷ್ಟು ದಕ್ಕದಿದ್ದರೂ ಬರಿಗೈಯ ಬಿಗಿತಕ್ಕಿಂತ ಬಹಳ ಮೇಲು. ಕೊನೆಗೆ ಎರಡು ಅರೆಗಂಟು (ತುದಿಯನ್ನು ಹಗ್ಗಕ್ಕೆ ಒಂದು ಸಲ ಸುತ್ತಿ, ಆ ಸುತ್ತಿನ ಅಡಿಯಲ್ಲೇ ತೂರಿಸುವ ಗಂಟು) ಹಾಕಿದರೆ ಮುಗಿಯಿತು.

ಪ್ರಶ್ನೆ: ಕರುವಿನ ಕೊರಳಿಗೆ ಕಟ್ಟಿದ ಹಗ್ಗ ಅದು ಜಗ್ಗಾಡಿದಾಗ ಬಿಗಿದುಕೊಳ್ಳುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ಇದನ್ನು ಇಂದೇ ಸರಿಪಡಿಸಿ. ಕೊರಳಿಗೆ ಜೀರುಗುಣಿಕೆ ಎಂದಿಗೂ ಸಲ್ಲದು. ಪ್ರಾಣಿ ಗಾಬರಿಯಿಂದ ಜಗ್ಗಿದಷ್ಟೂ ಅದು ಉಸಿರು ಕಟ್ಟಿಸುತ್ತದೆ. ತುದಿಯಿಂದ ಎರಡು ಮೊಳ ಬಿಟ್ಟು, ತುದಿಯ ಕಡೆಯ ಹಗ್ಗ ಮೇಲೆ ಬರುವಂತೆ ಒಂದು ಚಿಕ್ಕ ಸುರುಳಿ ಮಾಡಿ. ತುದಿಯನ್ನು ಕರುವಿನ ಕೊರಳು ಬಳಸಿ ತಂದು, ಆ ಸುರುಳಿಯೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಬೆನ್ನ ಹಿಂದೆ ಸುತ್ತಿಸಿ, ಮತ್ತೆ ಅದೇ ಸುರುಳಿಯೊಳಕ್ಕೆ ಇಳಿಸಿ ಬಿಗಿಯಿರಿ. ಎಷ್ಟು ಜಗ್ಗಿದರೂ ಈ ಕುಣಿಕೆ ಕಿರಿದಾಗುವುದಿಲ್ಲ. ಕೊರಳಿಗೂ ಹಗ್ಗಕ್ಕೂ ನಡುವೆ ಅಂಗೈ ಆಡುವಷ್ಟು ಎಡೆ ಇರಲಿ. ಗೂಟದ ಕಡೆ ಮಾತ್ರ ತುದಿಯನ್ನು ಮಡಿಸಿ ತೂರಿಸಿದ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿರಬೇಕು; ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಗಂಟು ಬಿಡಿಸುತ್ತ ಕೂರಲಾಗದು.

ಪ್ರಶ್ನೆ: ಬಾವಿಯ ಹಗ್ಗ ಸಾಲದೆ ತೆಳುವಾದ ಇನ್ನೊಂದು ಹಗ್ಗ ಸೇರಿಸಿದ್ದೆವು. ಗಂಟು ಜಾರಿ ಕೊಡ ಬಾವಿಯ ಪಾಲಾಯಿತು. ಶಾಲೆಯಲ್ಲಿ ಸ್ಕೌಟ್ಸ್‌ನವರು ಕಲಿಸಿದ, ಎರಡು ತುದಿಗಳನ್ನು ಒಮ್ಮೆ ಎಡದಿಂದ ಒಮ್ಮೆ ಬಲದಿಂದ ಹೆಣೆಯುವ ರೀಫ್ ಗಂಟನ್ನೇ ಹಾಕಿದ್ದೆವು.
– ಓದುಗರೊಬ್ಬರು, ಪುತ್ತೂರು

ಉತ್ತರ: ಕಲಿಸಿದವರ ತಪ್ಪಲ್ಲ, ಬಳಸಿದ ಜಾಗ ತಪ್ಪು. ರೀಫ್ ಗಂಟು ಚಪ್ಪಟೆಯಾಗಿ ಕೂರುವುದರಿಂದ ಗಾಯದ ಪಟ್ಟಿಗೆ, ಪೊಟ್ಟಣಕ್ಕೆ ಸೊಗಸು. ಎರಡು ಹಗ್ಗಗಳನ್ನು ಜೋಡಿಸಲು ಅದನ್ನು ನಂಬಬಾರದು, ದಪ್ಪ ಬೇರೆಬೇರೆಯಾದರಂತೂ ಅದು ಮಗುಚಿ ಜಾರುತ್ತದೆ. ಉಳಿದೆಲ್ಲ ಗಂಟುಗಳಿಗಿಂತ ಹೆಚ್ಚು ಸಾವುನೋವಿಗೆ ಈ ದುರ್ಬಳಕೆಯೇ ಕಾರಣವಿರಬೇಕೆಂದು ಮೇಲೆ ಹೇಳಿದ ಆಶ್ಲೆಯವರೂ ಎಚ್ಚರಿಸಿದ್ದಾರೆ.

ಮಗ್ಗದಲ್ಲಿ ಕಡಿದ ಎಳೆಗೆ ನೇಕಾರರು ಹಾಕುವ ಗಂಟೇ ಇಲ್ಲಿ ಬೇಕಾದದ್ದು. ದಪ್ಪ ಹಗ್ಗದ ತುದಿಯನ್ನು ಮಡಿಸಿ ಹಿಡಿಯಿರಿ. ತೆಳು ಹಗ್ಗವನ್ನು ಆ ಮಡಿಕೆಯೊಳಗಿನಿಂದ ಮೇಲೆ ತಂದು, ಮಡಿಕೆಯ ಎರಡೂ ಎಳೆಗಳ ಹಿಂದೆ ಎರಡು ಸಲ ಸುತ್ತಿ, ಪ್ರತಿ ಸಲವೂ ತುದಿಯನ್ನು ಅದರದೇ ಹಗ್ಗದ ಅಡಿಯಲ್ಲಿ ತೂರಿಸಿ ಬಿಗಿಯಿರಿ. ಎರಡೂ ಗಿಡ್ಡ ತುದಿಗಳು ಒಂದೇ ಪಕ್ಕದಲ್ಲಿರಬೇಕು, ಅವು ಹಗ್ಗದ ದಪ್ಪದ ಹತ್ತು ಪಟ್ಟಾದರೂ ಉದ್ದವಿರಬೇಕು. ಕೊಡವನ್ನು ಕೊಕ್ಕೆಗಳ ಗೊಂಚಲಾದ ಪಾತಾಳಗರಡಿಯಿಂದ ಎತ್ತಿಕೊಳ್ಳಿ. ಗಂಟು ಬಿದ್ದ ಕಡೆ ಹಗ್ಗದ ಬಲ ಕೆಲವೊಮ್ಮೆ ಅರ್ಧಕ್ಕೆ ಇಳಿಯುವುದರಿಂದ, ಹೂಳೆತ್ತಲು ಬಾವಿಗೆ ಇಳಿಯುವವರಿಗೆ ಮಾತ್ರ ಹೀಗೆ ಜೋಡಿಸಿದ ಹಗ್ಗವನ್ನು ಕೊಡಬೇಡಿ.