ನಮ್ಮ ಪಟೇಲಜ್ಜ ಯಾವ ರಾಜ್ಯದವರು?

ನೀನು ಕೇಳಿದ್ದು ಎರಡು ಪ್ರಶ್ನೆ. "ನೀವು ಕೇರಳದವರಲ್ವಾ, ಅಜ್ಜನ ದಾಖಲೆ ಹುಡುಕಲು ಮಂಗಳೂರು, ಮದ್ರಾಸು ಅಂತ ಯಾಕೆ ತಿರುಗ್ತೀಯಾ?" ಅಂತ ಒಂದು. "ಅಜ್ಜಿಯ ಅಜ್ಜಿಯ ಅಣ್ಣ ಅಂದ್ರೆ ನಿನಗೆ ಅವರು ಏನೂ ಆಗಬೇಕಾಗಿಲ್ಲವಲ್ಲ?" ಅಂತ ಇನ್ನೊಂದು. ಫೋನಿನಲ್ಲಿ ಹೇಳಲು ಹೊರಟರೆ ನೀನು ಅರ್ಧದಲ್ಲೇ ನಗುತ್ತೀಯಾ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು ಮಾರಾಯ್ತಿ.

ಮೊದಲನೆಯದಕ್ಕೆ ಉತ್ತರ ಸುಲಭ. ಅಜ್ಜಿಯ ಅಜ್ಜಿಯ ಅಣ್ಣನಾದ ಪಟೇಲಜ್ಜ ಬದುಕಿದ್ದಾಗ ಕೇರಳ ಅಂತ ರಾಜ್ಯವೇ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಕರಾವಳಿ ಕಂಪೆನಿಯ ಕೈಗೆ ಹೋಯಿತು. ಕೆನರಾ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಮುಂದೆ ಆ ಜಿಲ್ಲೆ ಎರಡಾಯಿತು. ಉತ್ತರದ ಪಾಲು 1862ರಲ್ಲಿ ಬೊಂಬಾಯಿಗೆ ಹೋಯಿತು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಆ ದಕ್ಷಿಣ ಕನ್ನಡದ ತೆಂಕು ತುದಿ ನಾವು. ಮೊದಲು ಬೇಕಲ ತಾಲೂಕು ಅಂತಿತ್ತು, ಆಮೇಲೆ ಕಾಸರಗೋಡು ತಾಲೂಕು ಆಯಿತು. ಕಲೆಕ್ಟರ್ ಇರುವುದು ಮಂಗಳೂರಿನಲ್ಲಿ, ಮೇಲಿನ ಸರಕಾರ ಮದ್ರಾಸಿನಲ್ಲಿ, ಊರಿನ ಲೆಕ್ಕ ಕನ್ನಡದಲ್ಲಿ. 1956ರ ನವೆಂಬರ್ 1ರಂದು ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು, ನಮ್ಮ ತಾಲೂಕು ಮಾತ್ರ ಕೇರಳಕ್ಕೆ ಬಂತು. ಎರಡು ತಿಂಗಳು ಮಲಬಾರ್ ಜಿಲ್ಲೆ, 1957ರಿಂದ ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡು ಜಿಲ್ಲೆ. ಈಗ ನಮ್ಮದು ಮಂಜೇಶ್ವರ ತಾಲೂಕು. ಮನೆ ಇದ್ದಲ್ಲೇ ಇದೆ. ಅದರ ಕಾಗದಗಳು ಮಾತ್ರ ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ವರದಿಯಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಹೋರಾಡುತ್ತಲೇ ನೂರು ವರ್ಷ ಬಾಳಿದರು.

ಹುಡುಕಾಟ ಶುರುವಾದದ್ದು ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ರಿಪೇರಿಗೆ ಹೊರಟಾಗ. ಜೋಯಿಸರಿಂದ ಅಷ್ಟಮಂಗಲ ಪ್ರಶ್ನೆ ಇಡಿಸಿದರು. ಮನೆತನದ ಒಬ್ಬ ಹಿರಿಯರು, ಅಧಿಕಾರದಲ್ಲಿ ಇದ್ದವರು, ಊರು ಬಿಟ್ಟು ಹೊರಗೆ ತೀರಿಹೋಗಿದ್ದಾರೆ, ಅವರಿಗೆ ಆಗಬೇಕಾದ್ದು ಆಗಿಲ್ಲ ಅಂತ ಕಂಡುಬಂತು. ಎಲ್ಲರ ಬಾಯಲ್ಲೂ ಒಂದೇ ಮಾತು: ಪಟೇಲಜ್ಜ. ಆದರೆ ಪಟೇಲಜ್ಜ ಅಂದರೆ ಯಾರು, ಯಾವ ಕಾಲದವರು, ಎಲ್ಲಿ ತೀರಿಕೊಂಡರು? ಅಲ್ಲಿಗೆ ಮಾತು ನಿಲ್ಲುತ್ತದೆ. ಕಂದಾಯದ ಹಣದಲ್ಲಿ ಕೊರತೆ ಬಂದು, ಮಾನಕ್ಕೆ ಅಂಜಿ ಹೋದರು ಅಂತ ಒಬ್ಬರು ಹೇಳುತ್ತಾರೆ. ಯಾವುದೋ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ಮದ್ರಾಸಿಗೆ ಹೋದವರು ತಿರುಗಿ ಬರಲಿಲ್ಲ ಅಂತ ಸಣ್ಣಜ್ಜಿ ಹೇಳುತ್ತಿದ್ದರು. ದೊಡ್ಡ ಮಾವನ ಪ್ರಕಾರ ಅವರು ಕಲ್ಯಾಣಪ್ಪನ ಕಾಟಕಾಯಿಯಲ್ಲಿ ಇದ್ದವರು.

ಆ ಮೂರನೆಯದು ಕೇಳಲು ಎಲ್ಲರಿಗೂ ಇಷ್ಟ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರನ್ನೇ ಹಿಡಿದು ಎರಡು ವಾರದಷ್ಟು ಇಟ್ಟುಕೊಂಡಿದ್ದರಲ್ಲ, ನಮ್ಮ ಕಡೆ ಪ್ರತಿ ಮನೆಗೂ ಅದರಲ್ಲಿ ಒಬ್ಬ ಅಜ್ಜ ಬೇಕು. ನನಗೂ ಬೇಕಿತ್ತು. ಆದರೆ ಕಾಗದ ಹಾಗೆ ಹೇಳುವುದಿಲ್ಲ. ಅಜ್ಜಿಯ ಅಮ್ಮ ಸಣ್ಣವರಿದ್ದಾಗ ಪಟೇಲಜ್ಜನನ್ನು ಕಣ್ಣಾರೆ ನೋಡಿದ್ದರಂತೆ. ಹಾಗಾದರೆ ಅವರು 1900ರ ಆಸುಪಾಸಿನವರು. ಸತ್ತವರಿಗೆ ಬಡಿಸಬೇಕಾದ್ದನ್ನು ಬಡಿಸಲು ಹೊರಟವರು ಅವರ ಮೇಲೆ ಇಲ್ಲದ ಕತೆ ಹೊರಿಸಬಾರದು ಅಂತ ನನ್ನ ಅಭಿಪ್ರಾಯ. ಮಾವನಿಗೆ ಇದು ಇನ್ನೂ ಸಮಾಧಾನವಿಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ. ನಾನು ದಿನಾ ಒದ್ದಾಡುವುದು ಇದರ ಜತೆಯೇ.

ನಮ್ಮದು ಅಳಿಯಕಟ್ಟು. ಕುಟುಂಬ ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುತ್ತದೆ. ಗೋತ್ರದ ಹಾಗೆ ಬರಿ ಅಂತೇವಲ್ಲ, ಅದು ಅಮ್ಮನದ್ದೇ. ಮನೆಯ ಆಡಳಿತ ಹಿರಿಯ ಸೋದರಮಾವನ ಕೈಯಲ್ಲಿ. ಅವರು ಯಜಮಾನ. ಅವರ ನಂತರ ಅವರ ಮಗ ಅಲ್ಲ, ತಮ್ಮ, ಇಲ್ಲವಾದರೆ ತಂಗಿಯ ಮಗ. ಹಾಗಾಗಿ ಅಜ್ಜಿಯ ಅಜ್ಜಿಯ ಅಣ್ಣನೇ ನಮ್ಮ ಮನೆತನದ ಹಿರಿಯ. ಗುರುಕಾರ್ನವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಬಡಿಸುವಾಗ ಅವರಿಗೆ ಎಲೆ ಹಾಕುವುದು ನಮ್ಮ ಮನೆಯಲ್ಲಿ, ಅವರ ಸ್ವಂತ ಮಕ್ಕಳ ಮನೆಯಲ್ಲಿ ಅಲ್ಲ. ಅವರ ಮಕ್ಕಳು ಅವರ ಹೆಂಡತಿಯ ಕುಟುಂಬಕ್ಕೆ ಸೇರಿದವರು. ಏನೂ ಆಗಬೇಕಾಗಿಲ್ಲ ಅಂದೆಯಲ್ಲ, ಅವರಿಗಿಂತ ಹತ್ತಿರದವರು ನಮಗೆ ಯಾರೂ ಇಲ್ಲ.

ಇದನ್ನು ಮೊಬೈಲಿನ ವಂಶವೃಕ್ಷದ ಆ್ಯಪ್‌ಗೆ ಹೇಳಿ ನೋಡು. ಅಪ್ಪ, ಅಮ್ಮ, ಮಕ್ಕಳು ಅಂತ ಮನೆ ಕಟ್ಟಿಕೊಂಡು ಹೋಗುತ್ತದೆ. ಮಾವನಿಂದ ಅಳಿಯನಿಗೆ ಗೆರೆ ಎಳೆಯಲು ಅದರಲ್ಲಿ ಜಾಗ ಇಲ್ಲ. ಕಚೇರಿಯ ಅರ್ಜಿಯಲ್ಲೂ ತಂದೆಯ ಹೆಸರು ಅಂತ ಒಂದು ಕಾಲಂ. ಪಟೇಲಜ್ಜನ ತಂದೆ ಯಾರು ಅಂತ ನಮ್ಮ ಮನೆಯ ಒಂದು ಕಾಗದದಲ್ಲೂ ಇಲ್ಲ, ಯಾಕೆಂದರೆ ಅದು ಆಗ ಬೇಕೇ ಆಗಿರಲಿಲ್ಲ. ಬೇರೆ ಊರುಗಳ ಹಳೇ ಪತ್ರದಲ್ಲಿ ಬಿನ್ ಅಂತ ಬರೆದು ಅಪ್ಪನ ಹೆಸರು ಹಾಕುತ್ತಾರೆ. ನಮ್ಮದರಲ್ಲಿ ಇಂಥವರ ಅಳಿಯ, ಕುಟುಂಬದ ಯಜಮಾನ ಇಂಥವರು ಅಂತ ಇರುತ್ತದೆ. ಜಾಸ್ತಿ ಕಷ್ಟ ಏನೆಂದರೆ ಮಾವನ ಹೆಸರನ್ನೇ ಅಳಿಯನಿಗೂ ಇಡುತ್ತಿದ್ದರು. ಒಂದೇ ಮನೆ, ಒಂದೇ ಹೆಸರು, ಇಬ್ಬರೂ ಯಜಮಾನರು. ಮಾವ ಸತ್ತ ಮೇಲೂ ವರ್ಗ, ಅಂದರೆ ಜಮೀನಿನ ಖಾತೆ, ಅವರ ಹೆಸರಿನಲ್ಲೇ ವರ್ಷಗಟ್ಟಲೆ ಇರುತ್ತಿತ್ತು. ಯಾರೋ ಒಬ್ಬರು ಪಾಲು ಬೇಕು ಅಂತ ಹಟ ಮಾಡಿದರೂ ಕೊಡಬೇಕಾಗಿಲ್ಲ ಅಂತ ಮದ್ರಾಸು ಹೈಕೋರ್ಟು 1860ರ ದಶಕದಲ್ಲೇ ಹೇಳಿತ್ತು. ಪಾಲಿಗೆ ದಾರಿ ಮಾಡಿದ್ದು 1949ರ ಅಳಿಯಸಂತಾನ ಕಾಯ್ದೆ. ಪಾಲೇ ಇಲ್ಲದಿದ್ದರೆ ಹೆಸರು ಬದಲಿಸಲು ಯಾರಿಗೆ ಅವಸರ? ಹಾಗಾಗಿ ರಿಜಿಸ್ಟರಿನಲ್ಲಿ ಹೆಸರು ಕಂಡಿತು ಅಂದರೆ ಆ ಮನುಷ್ಯ ಬದುಕಿದ್ದರು ಅಂತ ಅರ್ಥ ಅಲ್ಲ.

ಇದರ ಮೇಲೆ ತಾರೀಕಿನ ಗೊಂದಲ. ಸರಕಾರದ ಲೆಕ್ಕ ಫಸಲಿಯಲ್ಲಿ ಇರುತ್ತದೆ. ಫಸಲಿ 1310 ಅಂದರೆ 1900ರ ಜುಲೈಯಿಂದ 1901ರ ಜೂನ್‌ವರೆಗೆ. 590 ಕೂಡಿಸಿದರೆ ಆಯಿತು, ಅದು ಪರವಾಗಿಲ್ಲ. ಮನೆಯ ಗೇಣಿಚೀಟಿನಲ್ಲಿ ಬರೀ ಶಾರ್ವರಿ ಸಂವತ್ಸರ ಅಂತ ಇದ್ದರೆ ಏನು ಮಾಡುವುದು? ಅರವತ್ತು ವರ್ಷಕ್ಕೊಮ್ಮೆ ಶಾರ್ವರಿ ಬರುತ್ತದೆ. 1840 ಆಗಬಹುದು, 1900 ಆಗಬಹುದು.

ನಮ್ಮಲ್ಲಿರುವ ಒಂದು ಮೂಲಗೇಣಿ (ಕಾಯಂ ಗೇಣಿ) ಚೀಟಿನಲ್ಲಿ ಹಾಗೇ ಇದೆ. ಸಾಕ್ಷಿಗಳಲ್ಲಿ ಅಜ್ಜನ ಹೆಸರು, ಹೆಸರಿನ ಮುಂದೆ ಪಟೇಲ ಅಂತ. 1840 ಅಂತ ಹಿಡಿದರೆ ನಮ್ಮ ದೊಡ್ಡ ಮಾವ ಹೇಳುವ ಕತೆಗೆ ಕೂಡಿಬರುತ್ತದೆ. ಅವರು ಹಿಗ್ಗಿದರು. ನಾನು ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ರಿಜಿಸ್ಟ್ರಿ ಕಚೇರಿಯ ನಂಬ್ರ, ಮೊಹರು. ಪತ್ರಗಳನ್ನು ಹಾಗೆ ಕಡ್ಡಾಯವಾಗಿ ರಿಜಿಸ್ಟ್ರಿ ಮಾಡುವ ಕಾಯ್ದೆ ಬಂದದ್ದೇ 1860ರ ದಶಕದಲ್ಲಿ. ಅಲ್ಲಿಗೆ ಅದು 1900. ಇನ್ನೊಂದು ಹಳೇ ಪತ್ರದಲ್ಲಿ ಅದೇ ಹೆಸರು, ಆದರೆ ರುಜು ಇಲ್ಲ, ನೇಗಿಲಿನ ಗುರುತು ಹಾಕಿ, ಇದು ಇಂಥವರ ನಿಶಾನಿ ಅಂತ ಶಾನುಭೋಗರು ಪಕ್ಕದಲ್ಲಿ ಬರೆದಿದ್ದಾರೆ. ಪಟೇಲ ಅಂತ ಇರುವುದರಲ್ಲಿ ಮಾತ್ರ ಕನ್ನಡದಲ್ಲಿ ಸ್ವಂತ ರುಜು. ಅಕ್ಷರ ದಪ್ಪ, ಕೊನೆಯ ಒತ್ತು ಗೆರೆಯಿಂದ ಕೆಳಗೆ ಇಳಿದಿದೆ. ನೇಗಿಲು ಬಿಡಿಸಿದವರು ಮಾವ, ರುಜು ಹಾಕಿದವರು ಅಳಿಯ ಅಂತ ನನಗೆ ಖಾತ್ರಿಯಾಗಿದೆ. ಅಳಿಯನೇ ಪಟೇಲಜ್ಜ.

ಅವರ ಸಾವು ಮಾತ್ರ ಸಿಗುತ್ತಿಲ್ಲ. ಹುಟ್ಟು ಸಾವು ನೋಂದಾಯಿಸಲು ಮದ್ರಾಸಿನಲ್ಲಿ 1899ರಲ್ಲಿ ಕಾಯ್ದೆ ಬಂತು. ಆದರೆ ಊರಿನ ಸಾವು ಬರೆಯಬೇಕಾದವರೇ ಪಟೇಲರು. ಪಟೇಲರೇ ಹೊರಗೆ ತೀರಿಕೊಂಡರೆ ನಮ್ಮ ಊರಿನ ಪುಸ್ತಕದಲ್ಲಿ ಎಲ್ಲಿಂದ ಬರಬೇಕು? ತೀರಿಕೊಂಡ ಊರಿನ ಪುಸ್ತಕದಲ್ಲಿ ಇರಬಹುದು. ಆ ಊರು ಯಾವುದು ಅಂತ ಗೊತ್ತಿದ್ದರೆ ಹುಡುಕಾಟವೇ ಬೇಡವಾಗಿತ್ತು.

ಕಚೇರಿಗಳ ವಿಷಯ ಒಂದು ಹೇಳಲೇಬೇಕು. ಕಳೆದ ಮಳೆಗಾಲದಲ್ಲಿ ಇಲ್ಲಿನ ಒಂದು ಕಚೇರಿಗೆ ಹೋಗಿದ್ದೆ. ತೆಂಕಣ ಜಿಲ್ಲೆಯಿಂದ ಬಂದ ಹುಡುಗ, ಒಳ್ಳೆಯವನೇ. ಚೇಚಿ ಅಂತ ಕರೆದು ಕುರ್ಚಿ ಕೊಟ್ಟ. ಹಳೇ ಸೆಟ್ಲ್‌ಮೆಂಟ್ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ. ಅಂಚು ಪುಡಿಯಾಗಿತ್ತು, ಹಾಳೆ ಬೀಡಿ ಎಲೆಯಂತೆ ಕಂದಿತ್ತು. ತೆರೆದು ನೋಡಿದ, ಮತ್ತೆ ನನ್ನ ಕಡೆ ತಿರುಗಿಸಿಟ್ಟ. ಅವನಿಗೆ ಒಂದಕ್ಷರ ಓದಲು ಬರುವುದಿಲ್ಲ, ಎಲ್ಲ ಕನ್ನಡ. ನಾನೇ ಓದಿದೆ. ವರ್ಗ ನಂಬ್ರ, ನಂಜ ಇಷ್ಟು, ಪುಂಜ ಇಷ್ಟು, ಬಾಗಾಯತು ಇಷ್ಟು. ಅವನು ಮಲಯಾಳದಲ್ಲಿ ಬರೆದುಕೊಂಡ. ಹಿಂದೆ ನಿಂತಿದ್ದ ಒಬ್ಬ ಬ್ಯಾರಿ ಮುದುಕರು ತಮ್ಮ ಚೀಟಿ ಮುಂದೆ ಚಾಚಿ, "ಟೀಚರೇ, ನನ್ನ ಅಜ್ಜಂದೂ ಒಂದು ಓದಿ ಕೊಡಿ" ಅಂದರು. ಅವರದ್ದೂ ಓದಿದೆ. ನಾನು ಅಲ್ಲಿಂದ ಹೊರಟಾಗ ಮಧ್ಯಾಹ್ನ ಕಳೆದಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಕನ್ನಡ ಬಾರದವರನ್ನು ಕನ್ನಡ ರಿಜಿಸ್ಟರುಗಳ ಮುಂದೆ ಕೂರಿಸುವವರ ಮೇಲೆ. ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಬರೆದದ್ದನ್ನು ಓದುವವರು ಬೇಡವಾ? ಈ ನೆಲದ ಪ್ರತಿ ಬೈಲು, ಮಜಲು, ಬೆಟ್ಟು ಮೊದಲು ಅಳತೆಯಾಗಿ ಬರೆಯಲ್ಪಟ್ಟದ್ದು ಕನ್ನಡದಲ್ಲಿ. ಮನೆಯಲ್ಲಿ ನಾವು ತುಳು ಮಾತಾಡುತ್ತೇವೆ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಅದರಲ್ಲಿ ನಮಗೆ ಏನೂ ತೊಂದರೆ ಇಲ್ಲ. ಆದರೆ ನೀವು ಬೆಂಗಳೂರಿನವರು "ನಿಮ್ಮ ಕನ್ನಡ ಚೆನ್ನಾಗಿದೆಯಲ್ಲ" ಅಂತ ಹೊಗಳಿದರೆ ನನಗೆ ನಿಜವಾಗಿ ನೋವಾಗುತ್ತದೆ. ಗೋವಿಂದ ಪೈಗಳು ಬಾಳಿದ ಊರು ಕಣೇ ಮಂಜೇಶ್ವರ. ನಾನು ಕನ್ನಡವನ್ನು ಕಲಿಯಲು ಎಲ್ಲಿಗೂ ಹೋಗಬೇಕಾಗಿ ಬರಲಿಲ್ಲ.

ಇನ್ನು ಉಳಿದಿರುವುದು ಚೆನ್ನೈ. ಎಗ್ಮೋರಿನಲ್ಲಿ ತಮಿಳುನಾಡು ದಾಖಲೆ ಭಂಡಾರ ಇದೆ. ಹಿಂದಿನ ಮದ್ರಾಸ್ ರೆಕಾರ್ಡ್ ಆಫೀಸು ಅದೇ. ರೆವೆನ್ಯೂ ಬೋರ್ಡಿನ ಕಡತಗಳು ಅಲ್ಲಿವೆ. 1900ರ ನಂತರದ ನಮ್ಮ ಪತ್ರಗಳಲ್ಲಿ ಪಟೇಲರ ಹೆಸರು ಬೇರೆ. ಹಾಗಾದರೆ ನಡುವೆ ಅಜ್ಜನನ್ನು ಕೆಲಸದಿಂದ ತೆಗೆದಿರಬೇಕು, ಇಲ್ಲವೇ ಅವರು ಇಲ್ಲವಾಗಿರಬೇಕು. ವಜಾ ಆಗಿದ್ದರೆ, ಅದರ ಮೇಲೆ ಮೇಲ್ಮನವಿ ಹೋಗಿದ್ದರೆ, ಅಲ್ಲಿ ಒಂದು ಸಾಲಾದರೂ ಇರಬಹುದು. ಕಂದಾಯದ ಕೊರತೆಯ ಮಾತು ನಿಜ ಅಂತ ಬಂದರೂ ನನಗೆ ಬೇಸರವಿಲ್ಲ. ಬಡಿಸುವಾಗ ಕರೆಯಲು ಸರಿಯಾದ ಮನುಷ್ಯ ಸಿಕ್ಕಿದರೆ ಸಾಕು.

ನೀನು ಆಫೀಸು ಕೆಲಸಕ್ಕೆ ಆಗಾಗ ಚೆನ್ನೈಗೆ ಹೋಗುತ್ತೀಯಲ್ಲ, ಮುಂದಿನ ಸಲ ಅರ್ಧ ದಿನ ನನಗೆ ಕೊಡು. ಓದುವ ಕೋಣೆಗೆ ಅನುಮತಿ ಬೇಕಾಗುತ್ತದೆ, ಮೊದಲೇ ವಿಚಾರಿಸಿಕೋ. ಕೇರಳ ಅಂತ ಕೇಳಿದರೆ ಮಲಬಾರಿನ ಕಟ್ಟು ತಂದುಕೊಡುತ್ತಾರೆ. ಸೌತ್ ಕೆನರಾ, ಕಾಸರಗೋಡು ತಾಲೂಕು, 1900ರಿಂದ 1910 ಅಂತ ಕೇಳು. ಸೂಚಿಯಲ್ಲಿ ಗ್ರಾಮದ ಅಧಿಕಾರಿಗಳ ನೇಮಕ, ವಜಾ, ಮೇಲ್ಮನವಿ ಇರುವ ಕಡೆ ನೋಡು. ಅಜ್ಜನ ಹೆಸರು, ಊರಿನ ಹೆಸರು ಬೇರೆ ಬೇರೆ ಸ್ಪೆಲ್ಲಿಂಗಿನಲ್ಲಿ ಬರೆದು ಕಳಿಸುತ್ತೇನೆ. ಸುಮ್ನೆ ಹೆಸರು ಹೊಂದಿತು ಅಂತ ಬರೆದುಕೊಳ್ಳಬೇಡ, ಆ ಹೆಸರಿನವರು ತುಂಬ ಜನ. ಯಾರದ್ದೋ ಅಳಿಯ ಅಂತ ಜತೆಗೆ ಇದ್ದರೆ ಮಾತ್ರ ಕಡತದ ನಂಬ್ರ, ಪುಟ, ತಾರೀಕು ಮೂರನ್ನೂ ಬರೆದುಕೊಂಡು ಅಲ್ಲಿಂದಲೇ ಫೋನ್ ಮಾಡು.