ಕರುವಿನ ಮಂಡಿ ಊದಿದ್ರೆ ಮೊದಲು ಹೊಕ್ಕುಳು ಮುಟ್ಟಿ ನೋಡಿ

ಹದಿನೈದು ದಿನದ ಹೆಚ್ಚೆಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಕರು, ಮುಂಗಾಲ ಮಂಡಿ ಊದಿದೆ, ತಾಯಿ ತುಳಿದಿರಬೇಕು ಅಂತ ನಾಲ್ಕು ದಿನದಿಂದ ಮುಲಾಮು ಹಚ್ತಿದೀವಿ, ಕಮ್ಮಿ ಆಗ್ತಿಲ್ಲ ಅಂತ ಬರ್ದಿದೀರ. ಮುಲಾಮು ಪಕ್ಕಕ್ಕಿಡಿ. ಕರುನ ಮಲಗಿಸಿ ಹೊಕ್ಕುಳು ಮುಟ್ಟಿ ನೋಡಿ, ದಪ್ಪಗೆ ಗಟ್ಟಿಯಾಗಿ ಸಿಕ್ತಿದ್ರೆ, ವಾಸನೆ ಬರ್ತಿದ್ರೆ, ಅದು ಏಟಲ್ಲ, ಹೊಕ್ಕುಳಿಂದ ಹೋದ ಸೋಂಕು ರಕ್ತದಲ್ಲಿ ಹರಿದು ಕೀಲಲ್ಲಿ ಕೂತಿರೋ ಸಾಧ್ಯತೆನೇ ಜಾಸ್ತಿ. ಹೊಕ್ಕುಳು ಮೇಲೆ ಚೆನ್ನಾಗಿ ಕಂಡ್ರೂ ಒಳಗೆ ಕೀವಿರಬಹುದು.

ನಾವೂ ಹೀಗೇ ಏಟು ಅಂತ ನಾಲ್ಕು ದಿನ ಕಳೆದ್ವಿ. ಜ್ವರ ನೋಡಿದ್ರೆ 104. ಡಾಕ್ಟ್ರು ಮಂಡಿ ಮೇಲಿನ ಕೂದಲು ಬೋಳಿಸಿ, ಅಯೋಡಿನ್ ಹಚ್ಚಿ ಸೂಜಿ ಹಾಕಿ ಎಳೆದ್ರು. ಒಳ್ಳೆ ಕೀಲಿನ ನೀರು ತಿಳಿಯಾಗಿ, ಬೆರಳಿಗೆ ಅಂಟಿದ್ರೆ ಎಳೆ ಬರುತ್ತಂತೆ, ನಮ್ದು ಮಜ್ಜಿಗೆ ಥರ ಕದಡಿ ಹಳದಿ ಚೂರು ತೇಲ್ತಿತ್ತು. ಅದನ್ನ ಲ್ಯಾಬಿಗೆ ತೆಗೆದಿಟ್ಟು, ಮಂಡಿಯ ಇನ್ನೊಂದು ಪಕ್ಕಕ್ಕೂ ಸೂಜಿ ಹಾಕಿ, ಈ ಕಡೆಯಿಂದ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ ಹಾಕೋ ಉಪ್ಪಿನ ದ್ರಾವಣ) ಬಾಟ್ಲಿ ಬಿಟ್ರೆ ಆ ಕಡೆಯಿಂದ ಕೀವು ಸುರೀತಾ ಬಂತು, ನೀರು ತಿಳಿ ಆಗೋವರ್ಗೂ ತೊಳೆದ್ರು. ಜೊತೆಗೆ ಆ್ಯಂಟಿಬಯೋಟಿಕ್, ನೋವಿಗೆ ಮೆಲಾಕ್ಸಿಕ್ಯಾಮ್. (ಯಾರಾದ್ರೂ ಡೈಕ್ಲೋಫೆನಾಕ್ ಕೊಡೋಕೆ ಬಂದ್ರೆ ಬೇಡ ಅನ್ನಿ, ಅದು ಕೊಟ್ಟ ದನ ಸತ್ತಾಗ ಹೆಣ ತಿಂದ ರಣಹದ್ದು ಸಾಯುತ್ತೆ ಅಂತ 2006ರಲ್ಲೇ ದನಕ್ಕೆ ಬ್ಯಾನ್ ಆಗಿದೆ.)

ನಾವು ಮಾಡಿದ ದೊಡ್ಡ ತಪ್ಪು ಮುಂದಿದೆ. ನಾಲ್ಕನೇ ದಿನ ಕರು ಎದ್ದು ಓಡಾಡ್ತು, ಸರಿ ಹೋಯ್ತು ಅಂತ ಇಂಜೆಕ್ಷನ್ ನಿಲ್ಸಿಬಿಟ್ವಿ, ವಾರದಲ್ಲಿ ಮತ್ತೆ ಊದಿ ಮತ್ತೆ ತೊಳೆಸಿ ಒಟ್ಟು ಮೂರು ವಾರ ಔಷಧಿ ನಡೀತು. ಕೀಲಿಗೆ ಔಷಧಿ ನಿಧಾನಕ್ಕೆ ನಾಟೋದು, ಹೊಕ್ಕುಳಲ್ಲಿ ಕೀವು ಉಳಿದ್ರೆ ಅಲ್ಲಿಂದ ಮತ್ತೆ ಬರುತ್ತೆ, ಅದನ್ನೂ ಡಾಕ್ಟ್ರಿಗೆ ತೋರ್ಸಿ.

ಎರಡು ಮೂರು ಕೀಲು ಊದಿ ಕೆಮ್ಮೂ ಇದ್ರೆ, ಕಿವಿ ಜೋತಿದ್ರೆ ಅದನ್ನ ಡಾಕ್ಟ್ರಿಗೆ ಬಾಯ್ಬಿಟ್ಟು ಹೇಳಿ, ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಪೆನಿಸಿಲಿನ್ ನಾಟಲ್ಲ. ಊರಲ್ಲಿ ಯಾರೋ ಬರೆ ಹಾಕಿ ಅಂತಾರೆ, ದಯವಿಟ್ಟು ಬೇಡ, ಕೀವು ಒಳಗೇ ಇರುತ್ತೆ, ಮೇಲೆ ಸುಟ್ಟ ಗಾಯ ಬೇರೆ.

ಮುಂದಿನ ಕರುಗೆ ಹುಟ್ಟಿದ ತಕ್ಷಣ ಹೊಕ್ಕುಳನ್ನ ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಎರಡು ಗಂಟೆ ಒಳಗೆ ಗಿಣ್ಣು ಹಾಲು ಕುಡಿಸಿ, ಹಸುವಿನ ಕಸ (ಮಾಸು) ಬಿದ್ದಮೇಲೆ ಕುಡಿಸೋಣ ಅಂತ ಕಾಯಬೇಡಿ. ಈಗ ಮಾತ್ರ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇವತ್ತೇ. ಕರುಗೆ ದಪ್ಪಗೆ ಒಣ ಹುಲ್ಲು ಹಾಸಿ, ಏಳೋಕಾಗ್ದಿದ್ರೆ ಹಾಲನ್ನ ಅದಿರೋ ಕಡೆಗೇ ತಗೊಂಡು ಹೋಗಿ.